ಅಪ್ಪಯ್ಯನ ದೋಣಿಗೆ ಹೊಸ ಎಂಜಿನ್

"ಎಂಜಿನ್ ಸತ್ತದ್ದ್ ಒಳ್ಳೇದೇ ಆಯ್ತ್ ಮಗಾ. ಇನ್ನಾರೂ ಅಪ್ಪಯ್ಯ ಮನೆಯಂಗೆ ಕೂಕಣ್ಲಿ."

ಕಳೆದ ವರ್ಷ ಆಗಸ್ಟ್ ಕೊನೆಯಲ್ಲಿ ಅಮ್ಮ ಫೋನಿನಲ್ಲಿ ಹೀಗೆ ಹೇಳಿದಾಗ ನಾನು ಹಾಸ್ಟೆಲಿನ ಕೋಣೆಯಲ್ಲಿ ಪ್ರಬಂಧದ ನಾಲ್ಕನೇ ಅಧ್ಯಾಯವನ್ನು ಎದುರಿಗಿಟ್ಟುಕೊಂಡು ಕೂತಿದ್ದೆ. ನನ್ನ ಸಂಶೋಧನೆ ಅರ್ಥಶಾಸ್ತ್ರದಲ್ಲಿ. ಆ ಅಧ್ಯಾಯದ ವಿಷಯ ನಾಡದೋಣಿಗಳಿಗೆ ಸಿಗುವ ಇಂಧನದ ಸಹಾಯಧನ. ಸೀಮೆಎಣ್ಣೆ ಎಂಜಿನ್ನುಗಳನ್ನು ಬಿಟ್ಟು ಪೆಟ್ರೋಲ್ ಎಂಜಿನ್ನಿಗೆ ಹೋಗುವುದು ಯಾಕೆ ಲಾಭದ್ದು ಎಂದು ಹನ್ನೊಂದು ಪುಟ ಬರೆದು ಮುಗಿಸಿದ್ದೆ. ನಮ್ಮದೇ ದೋಣಿಯ ಸೀಮೆಎಣ್ಣೆ ಎಂಜಿನ್ ನಿಂತು ಎರಡು ದಿನ ಆಗಿದೆ ಎಂಬುದು ಮಾತ್ರ ನನಗೆ ಗೊತ್ತಿರಲಿಲ್ಲ.

"ಎಲ್ಲಿ ನಿಂತದ್ದು?" ಎಂದು ಕೇಳಿದೆ.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಳಿವೆಯಂಗೆ" ಎಂದರು.

ಕಡಲ ಬದಿಯಲ್ಲಿ ಹುಟ್ಟಿದವರಿಗೆ ಈ ಒಂದು ಶಬ್ದ ಸಾಕು. ನಮ್ಮ ಮನೆ ಕುಂದಾಪುರದ ಕೋಡಿಯಲ್ಲಿ. ಪಂಚಗಂಗಾವಳಿ ಎಂದು ಕರೆಸಿಕೊಳ್ಳುವ ಐದು ನದಿಗಳು ಒಂದಾಗಿ ಕಡಲು ಸೇರುವ ಜಾಗ ಅಲ್ಲೇ ಇದೆ. ಆಚೆ ದಡದಲ್ಲಿ ಗಂಗೊಳ್ಳಿ, ಈಚೆ ದಡದಲ್ಲಿ ನಾವು. ನದಿ ಹೊತ್ತು ತಂದ ಮರಳು ಬಾಯಿಯಲ್ಲಿ ದಿಬ್ಬವಾಗಿ ನಿಲ್ಲುತ್ತದೆ. ಕಡಲಿನಿಂದ ಬರುವ ಅಲೆ ಆ ಆಳವಿಲ್ಲದ ಜಾಗಕ್ಕೆ ಬಂದು ಎದ್ದು ಒಡೆಯುತ್ತದೆ. ಅಲ್ಲಿ ದೋಣಿಯ ಮೂತಿ ನೇರ ಇರಬೇಕು, ಎಂಜಿನ್ ತಳ್ಳುತ್ತಲೇ ಇರಬೇಕು. ಎಂಜಿನ್ ನಿಂತರೆ ದೋಣಿ ಅಡ್ಡ ತಿರುಗುತ್ತದೆ, ಅಡ್ಡ ತಿರುಗಿದ ದೋಣಿಯನ್ನು ಅಲೆ ಮಗುಚಿ ಹಾಕುತ್ತದೆ. ಅವತ್ತು ಅಪ್ಪಯ್ಯ ಮತ್ತು ಚಿಕ್ಕಯ್ಯ ಇಬ್ಬರೇ ಇದ್ದರು. ಎರಡು ಅಲೆ ಒಳಗೆ ಬಂದಿತ್ತಂತೆ. ಹಿಂದಿನಿಂದ ಬರುತ್ತಿದ್ದ ಗಂಗೊಳ್ಳಿಯ ದೋಣಿಯವರು ಹಗ್ಗ ಎಸೆದು ಎಳೆದುಕೊಂಡು ಬಂದರು. ಬಲೆ ಉಳಿಯಿತು, ಮೀನು ಹೋಯಿತು, ಮನುಷ್ಯರು ಬದುಕಿದರು. ಈ ಸುದ್ದಿ ನನಗೆ ಎರಡು ದಿನ ಬಿಟ್ಟು ತಲುಪಿತು.

ನಮ್ಮ ದೋಣಿಗೆ ನನಗಿಂತ ಒಂದು ವರ್ಷ ವಯಸ್ಸು ಹೆಚ್ಚು. ಇಪ್ಪತ್ತಾರು ಅಡಿ ಉದ್ದದ ಮರದ ದೋಣಿ, ಆಮೇಲೆ ಹೊರಗಡೆ ಫೈಬರ್ ಹಚ್ಚಿಸಿದ್ದು. ಅಜ್ಜನ ಕಾಲದಲ್ಲಿ ಹುಟ್ಟು, ಹಾಯಿ ಬಿಟ್ಟರೆ ಬೇರೆ ಗತಿ ಇರಲಿಲ್ಲ. ಎಂಬತ್ತರ ದಶಕದಲ್ಲಿ ದೋಣಿಯ ಹಿಂದೆ ಸಿಕ್ಕಿಸುವ ಜಪಾನಿ ಎಂಜಿನ್ನುಗಳು ನಮ್ಮ ಕರಾವಳಿಗೂ ಬಂದಾಗ, ಆ ಗಲಾಟೆಗೆ ಮೀನು ಓಡಿಹೋಗುತ್ತದೆ ಎಂದು ಅಜ್ಜ ವರ್ಷಗಟ್ಟಲೆ ವಿರೋಧಿಸಿದರಂತೆ. ಕೊನೆಗೆ ಎಂಜಿನ್ ಇದ್ದವರು ಮೊದಲು ಹೋಗಿ ಮೊದಲು ಬಂದು ಒಳ್ಳೆಯ ರೇಟು ಹೊಡೆಯುವುದನ್ನು ನೋಡಿ ತಾವೇ ಸಾಲಕ್ಕೆ ಸಹಿ ಹಾಕಿದರು. ಈಗ ಸತ್ತದ್ದು ಮನೆಯ ಮೂರನೇ ಎಂಜಿನ್. 9.9 ಅಶ್ವಶಕ್ತಿಯದು.

ಈ 9.9 ಎಂಬ ಅಂಕಿಯಲ್ಲಿ ಒಂದು ಲೆಕ್ಕಾಚಾರ ಇದೆ. ನಮ್ಮ ರಾಜ್ಯದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಹತ್ತು ಅಶ್ವಶಕ್ತಿಗಿಂತ ಹೆಚ್ಚಿನ ಎಂಜಿನ್ ಕಟ್ಟಿದ ದೋಣಿಗೂ ನಿಷೇಧ. ಅದಕ್ಕಿಂತ ಕಡಿಮೆ ಇದ್ದವರು ಹೋಗಬಹುದು. ದೊಡ್ಡ ಬೋಟುಗಳೆಲ್ಲ ಬಂದರಿನಲ್ಲಿ ಕಟ್ಟಿಕೊಂಡಿರುವ ಆ ಎರಡು ತಿಂಗಳು, ಕಡಲು ಬಿಟ್ಟುಕೊಟ್ಟ ದಿನ ಹೋಗಿ ಹಾಕಿದ ಬಲೆಗೆ ಬಂಗುಡೆಯೋ ಚಟ್ಲಿಯೋ ಬಿದ್ದರೆ ಅದಕ್ಕೆ ಬೆಲೆ ಇರುತ್ತದೆ. ನಮ್ಮ ಶಾಲೆಯ ಫೀಸು, ಅಕ್ಕನ ಮದುವೆ, ನನ್ನ ಎಂ.ಎ. ಎಲ್ಲದರ ದೊಡ್ಡ ಪಾಲು ಬಂದದ್ದು ಆ ಎರಡು ತಿಂಗಳಿಂದ ಮತ್ತು ವರ್ಷವಿಡೀ ಅಮ್ಮ ಕುಂದಾಪುರಕ್ಕೆ ಹೊತ್ತು ಮಾರಿದ ಮೀನಿನ ಬುಟ್ಟಿಯಿಂದ.

ಅಮ್ಮನಿಗೂ ಎಂಜಿನ್ನಿಗೂ ಒಂದು ಸಂಬಂಧ ಇತ್ತು. ಅದನ್ನು ಹೇಳುವ ಮೊದಲು ಸೀಮೆಎಣ್ಣೆ ಎಂಜಿನ್ ಹೇಗೆ ನಡೆಯುತ್ತದೆ ಎಂದು ಹೇಳಬೇಕು. ಅದು ಸೀದಾ ಸೀಮೆಎಣ್ಣೆಯಲ್ಲಿ ಚಾಲೂ ಆಗುವುದಿಲ್ಲ. ತಣ್ಣಗಿರುವಾಗ ಸೀಮೆಎಣ್ಣೆ ಸರಿಯಾಗಿ ಆವಿಯಾಗುವುದಿಲ್ಲ, ಹೊತ್ತಿಕೊಳ್ಳುವುದಿಲ್ಲ. ಹಾಗಾಗಿ ಮೊದಲು ಪೆಟ್ರೋಲಿನಲ್ಲಿ ಹಗ್ಗ ಎಳೆದು ಎಬ್ಬಿಸಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಬೇಕು. ವಾಪಸು ಬರುವಾಗ, ನಿಲ್ಲಿಸುವುದಕ್ಕೆ ಕೆಲವು ನಿಮಿಷ ಮೊದಲು ಮತ್ತೆ ಪೆಟ್ರೋಲಿಗೆ ತಿರುಗಿಸಬೇಕು. ಇಲ್ಲದಿದ್ದರೆ ಕಾರ್ಬೊರೇಟರಿನಲ್ಲಿ ಸೀಮೆಎಣ್ಣೆ ಉಳಿದು ಮರುದಿನ ಎಷ್ಟು ಎಳೆದರೂ ಏಳುವುದಿಲ್ಲ. ಅಪ್ಪಯ್ಯ ಅಳಿವೆ ದಾಟಿ ಹೊಳೆಯ ಸಮ ನೀರಿಗೆ ಬಂದ ಮೇಲೆ ತಿರುಗಿಸುತ್ತಿದ್ದರು. ಆಗ ಎಂಜಿನ್ನಿನ ಗಂಟಲು ಬಿಗಿದದ್ದು ಸಡಿಲವಾದ ಹಾಗೆ ಶಬ್ದ ಬದಲಾಗುತ್ತಿತ್ತು.

ಅಮ್ಮನಿಗೆ ಅದು ಅಡುಗೆಮನೆಯಲ್ಲಿ ಕೇಳುತ್ತಿತ್ತು. ಹತ್ತಾರು ದೋಣಿಗಳು ಒಟ್ಟಿಗೆ ಬರುವಾಗಲೂ ನಮ್ಮದು ಯಾವುದೆಂದು ಗೊತ್ತಾಗುತ್ತಿತ್ತು. "ಹಾಂ, ಎಣ್ಣೆ ತಿರ್ಗ್ಸ್‌ದ್ರ್" ಎಂದು ಹೇಳಿ ಸಾರಿನ ಪಾತ್ರೆಯನ್ನು ಒಲೆಗೆ ಇಡುತ್ತಿದ್ದರು. ಅಳಿವೆ ದಾಟಿದ್ದಾರೆ, ಇನ್ನು ಭಯ ಇಲ್ಲ ಎನ್ನುವುದು ಅದರ ಅರ್ಥ. ಚಿಕ್ಕವನಿದ್ದಾಗ ನನಗೆ ಅದು ಊಟದ ಗಂಟೆ ಅಷ್ಟೇ ಆಗಿತ್ತು.

ಎಂಜಿನ್ ಯಾಕೆ ಸತ್ತಿತು ಎಂದು ಬಿಚ್ಚಿ ನೋಡಿದ ಮೆಕ್ಯಾನಿಕ್ ಹುಡುಗ ಅಂಗೈಯಲ್ಲಿ ನಾಲ್ಕೈದು ಕಪ್ಪು ರಬ್ಬರ್ ಚೂರುಗಳನ್ನು ತೋರಿಸಿದನಂತೆ. ಕಡಲಿನ ನೀರನ್ನೇ ಮೇಲಕ್ಕೆ ಎಳೆದು ಎಂಜಿನ್ನನ್ನು ತಣ್ಣಗಿಡುವ ಸಣ್ಣ ರಬ್ಬರಿನ ಫ್ಯಾನು ಒಳಗಿರುತ್ತದೆ. ಅದು ಹರಿದಿತ್ತು. ನೀರು ಮೇಲೆ ಹೋಗುತ್ತಿದ್ದರೆ ಎಂಜಿನ್ನಿನ ಹಿಂಬದಿಯ ಸಣ್ಣ ತೂತಿನಿಂದ ಒಂದು ಎಳೆ ನೀರು ಹೊರಗೆ ಚಿಮ್ಮುತ್ತಿರುತ್ತದೆ. ನಮ್ಮಲ್ಲಿ ಅದಕ್ಕೆ ಉಚ್ಚೆ ಎಂದೇ ಹೆಸರು. ಉಚ್ಚೆ ನಿಂತರೆ ಎಂಜಿನ್ ನಿಲ್ಲಿಸಬೇಕು. ಇದು ಅಪ್ಪಯ್ಯನಿಗೆ ನನ್ನ ಹುಟ್ಟಿಗಿಂತ ಮೊದಲೇ ಗೊತ್ತು. ಆದರೆ ಅವತ್ತು ಕತ್ತಲಾಗಿತ್ತು, ಮಳೆ ಇತ್ತು, ಕಣ್ಣು ಅಲೆಯ ಮೇಲಿತ್ತು. ಪಿಸ್ಟನ್ ಕಚ್ಚಿಕೊಂಡಿತು. ಹಗ್ಗ ಎಳೆದರೆ ಬಂಡೆಗೆ ಕಟ್ಟಿದ ಹಾಗೆ ಇತ್ತಂತೆ.

"ಮೊದ್ಲಾರೆ ಕಾಂತಿದ್ದೆ" ಎಂದು ಅಪ್ಪಯ್ಯ ಫೋನಿನಲ್ಲಿ ಹೇಳಿದರು. ಮೊದಲಾದರೆ ನೋಡುತ್ತಿದ್ದೆ ಎಂದು. ಅಪ್ಪಯ್ಯನಿಗೆ ಅರವತ್ತೊಂದು. ವಯಸ್ಸಾಯಿತು ಎಂಬುದನ್ನು ಅವರು ಇದಕ್ಕಿಂತ ಸ್ಪಷ್ಟವಾಗಿ ಹೇಳಿದ್ದು ನಾನು ಕೇಳಿಲ್ಲ.

ಅದೇ ವಾರ ನನ್ನ ಫೆಲೋಶಿಪ್ಪಿನ ಐದು ತಿಂಗಳ ಬಾಕಿ ಒಟ್ಟಿಗೆ ಖಾತೆಗೆ ಬಂತು. ತಿಂಗಳಿಗೆ 42,000ದಂತೆ 2,10,000 ರೂಪಾಯಿ. ಸಂಶೋಧನೆ ಮಾಡುವವರಿಗೆ ಇಂಥ ದಿನದ ಸುಖ ಗೊತ್ತಿರುತ್ತದೆ. ಮೆಸ್ಸಿನ ಬಾಕಿ, ಗೆಳೆಯರ ಸಾಲ ತೀರಿಸಿದ ಮೇಲೆ ಒಂದೂವರೆ ಲಕ್ಷ ಉಳಿಯಿತು. ಒಂದು ಲ್ಯಾಪ್‌ಟಾಪ್ ತೆಗೆದುಕೊಳ್ಳಬೇಕೆಂದಿದ್ದೆ. ಅದನ್ನು ಬಿಟ್ಟು ಊರಿಗೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಒಂದು ಚಿತ್ರ ಇತ್ತು: ನಾನು ಹಣ ಮುಂದಿಡುವುದು, ಅಪ್ಪಯ್ಯ ಬೇಡ ಎನ್ನುವುದು, ನಾನು ಒತ್ತಾಯಿಸುವುದು, ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುವುದು.

ಅಪ್ಪಯ್ಯ ಬೇಡ ಎನ್ನಲಿಲ್ಲ. "ಒಂದೂವರೆ ಸಾಕಾತಿಲ್ಲೆ. ಸೊಸೈಟಿಯಂಗೆ ಕೇಣ್ಕ್" ಎಂದರು. ಅಮ್ಮ ಎದ್ದು ಒಳಗೆ ಹೋದರು. ಕಣ್ಣು ಒರೆಸಿಕೊಂಡಂತೆ ಕಾಣಲಿಲ್ಲ.

ಮರುದಿನ ನಾವು ಲೆಕ್ಕ ಹಾಕಲು ಕೂತೆವು. ಹಳೆಯದನ್ನೇ ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸುವುದು ಒಂದು ದಾರಿ. ಖರ್ಚು ಕಡಿಮೆ, ಆದರೆ ಉಪ್ಪು ತಿಂದ ಒಳಗಿನ ಭಾಗಗಳು ಹಾಗೇ ಉಳಿಯುತ್ತವೆ. ಯಾರೋ ಮಾರಲಿಕ್ಕಿಟ್ಟ ಸೆಕೆಂಡ್ ಹ್ಯಾಂಡ್ ಸೀಮೆಎಣ್ಣೆ ಎಂಜಿನ್ ಇನ್ನೊಂದು ದಾರಿ. ಆದರೆ ಸೀಮೆಎಣ್ಣೆ ಎಲ್ಲಿದೆ? ಕೇಂದ್ರದ ಹಂಚಿಕೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಬಂತು. ಪರ್ಮಿಟ್ಟು ಹಿಡಿದುಕೊಂಡು ಖಾಲಿ ಕ್ಯಾನಿನೊಂದಿಗೆ ವಾಪಸು ಬಂದ ದಿನಗಳು ನಮ್ಮ ಕೇರಿಯಲ್ಲಿ ಎಲ್ಲರಿಗೂ ನೆನಪಿವೆ. ಸೀಮೆಎಣ್ಣೆ ಎಂಜಿನ್ನುಗಳನ್ನು ಎರಡು ವರ್ಷದಲ್ಲಿ ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್ನುಗಳಾಗಿ ಬದಲಾಯಿಸಲು ತಲಾ 50,000 ರೂಪಾಯಿ ಸಹಾಯಧನ ಕೊಡುವುದಾಗಿ 2023ರ ಜುಲೈ ಬಜೆಟ್ಟಿನಲ್ಲಿ ರಾಜ್ಯ ಸರ್ಕಾರವೇ ಹೇಳಿತ್ತು. ನನ್ನ ಅಧ್ಯಾಯ ಶುರುವಾಗುವುದೇ ಆ ಸಾಲಿನಿಂದ.

ಹಾಗಾಗಿ ಮಾತನಾಡಿದ್ದು ನಾನೇ ಜಾಸ್ತಿ. ಫೋರ್ ಸ್ಟ್ರೋಕ್ ಪೆಟ್ರೋಲ್ ಎಂಜಿನ್ ಇಂಧನ ಕಡಿಮೆ ಕುಡಿಯುತ್ತದೆ. ಇಂಧನಕ್ಕೆ ಆಯಿಲ್ ಬೆರೆಸಬೇಕಾಗಿಲ್ಲ. ಹೊಗೆ ಇಲ್ಲ, ಶಬ್ದ ಇಲ್ಲ. ಲೀಟರಿಗೆ ನೂರು ದಾಟಿದ ಪೆಟ್ರೋಲಾದರೂ ಮೂರು ವರ್ಷದಲ್ಲಿ ಲೆಕ್ಕ ಸರಿಹೋಗುತ್ತದೆ. ಅಪ್ಪಯ್ಯ ಎಲ್ಲ ಕೇಳಿ, "ಅಡ್ಡಿಲ್ಲ, ದೋಣಿ ಕಂಡ್ ಎಂಜಿನ್ ತಕಣ್ಕ್" ಎಂದರು. ದೋಣಿ ನೋಡಿ ಎಂಜಿನ್ ಕೊಳ್ಳಬೇಕು. ಅದು ನನ್ನ ಹನ್ನೊಂದು ಪುಟಗಳಲ್ಲಿ ಎಲ್ಲಿಯೂ ಇರಲಿಲ್ಲ.

ಎಂಜಿನ್ ಬಂತು. ಸಹಾಯಧನಕ್ಕೆ ಅರ್ಜಿ ಹಾಕಿ, ಅದು ಬಂದಾಗ ಬರಲಿ ಎಂದುಕೊಂಡೆವು. ಪೆಟ್ಟಿಗೆ ಬಿಚ್ಚಿ ಹೊರಗಿಟ್ಟಾಗ ಕೇರಿಯ ಮಕ್ಕಳೆಲ್ಲ ಸೇರಿದರು. ಹಳೆಯದನ್ನು ಬಿಚ್ಚಿ ಹೊಸದನ್ನು ಸಿಕ್ಕಿಸಿದರೆ ಆಯಿತು, ಸಂಜೆಗೆ ಒಂದು ಸುತ್ತು ಹೋಗಿ ಬರಬಹುದು ಎಂದು ನಾನು ಅಂದುಕೊಂಡಿದ್ದೆ.

ಹಳೆಯ ಎಂಜಿನ್ನಿನ ಬೋಲ್ಟುಗಳನ್ನು ಸಡಿಲಿಸಿದಾಗ ತೂತಿನಿಂದ ಕಾಫಿ ಬಣ್ಣದ ನೀರು ಇಳಿಯಿತು. ಅಪ್ಪಯ್ಯ ಸುತ್ತಿಗೆಯ ಹಿಡಿಕೆಯಿಂದ ಹಿಂಬದಿಯ ಹಲಗೆಯನ್ನು ಬಡಿಯುತ್ತಾ ಹೋದರು. ಅಂಚಿನಲ್ಲಿ ಟಣ್ ಎನ್ನುತ್ತಿದ್ದದ್ದು ನಡುವಿಗೆ ಬಂದಂತೆ ದಬ್ ದಬ್ ಎಂದಿತು. ಮೇಲಿನ ಫೈಬರ್ ನೋಡಲು ಗಟ್ಟಿಯಾಗಿಯೇ ಇತ್ತು. ಬೋಲ್ಟಿನ ತೂತುಗಳಿಂದ ವರ್ಷಗಟ್ಟಲೆ ನೀರು ಇಳಿದು ಒಳಗಿನ ಮರ ಕೊಳೆತುಹೋಗಿತ್ತು. ಸ್ಕ್ರೂಡ್ರೈವರ್ ತುದಿ ಒತ್ತಿದರೆ ಬೆಂದ ಗೆಣಸಿಗೆ ಹೋದ ಹಾಗೆ ಹೋಯಿತು. ಎಂಜಿನ್ನಿನ ತೂಕವನ್ನೂ ತಳ್ಳುವ ಶಕ್ತಿಯನ್ನೂ ಹೊರುವುದು ಆ ಹಲಗೆ. ಅವತ್ತು ಅಳಿವೆಯಲ್ಲಿ ಪಿಸ್ಟನ್ ಕಚ್ಚದೇ ಇದ್ದಿದ್ದರೆ ಇನ್ನೊಂದು ದಿನ ನಡುಕಡಲಿನಲ್ಲಿ ಎಂಜಿನ್ ಹಲಗೆ ಸಮೇತ ಕಿತ್ತುಕೊಂಡು ಹೋಗುತ್ತಿತ್ತು. ಅಪ್ಪಯ್ಯ ಸುತ್ತಿಗೆ ಕೆಳಗಿಟ್ಟು ಮರಳಿನ ಮೇಲೆ ಕೂತರು. ಎಷ್ಟೋ ಹೊತ್ತು ಏನೂ ಹೇಳಲಿಲ್ಲ.

ಆಚಾರ್ರು ಬಂದು ಟೇಪ್ ಹಿಡಿದರು. ಆಗ ಇನ್ನೊಂದು ಸಂಗತಿ ತಿಳಿಯಿತು. ಇಂಥ ಎಂಜಿನ್ನುಗಳ ಕಾಲು, ಅಂದರೆ ಹಲಗೆಯಿಂದ ಕೆಳಗೆ ಇಳಿಯುವ ಭಾಗ, ಸಾಮಾನ್ಯವಾಗಿ ಎರಡು ಅಳತೆಯಲ್ಲಿ ಬರುತ್ತದೆ. ಹದಿನೈದು ಇಂಚಿನ ಗಿಡ್ಡ ಕಾಲು, ಇಪ್ಪತ್ತು ಇಂಚಿನ ಉದ್ದ ಕಾಲು. ನಮ್ಮ ಹಲಗೆಯ ಎತ್ತರ ಹದಿನೇಳು. ಹಳೆಯದು ಗಿಡ್ಡ ಕಾಲಿನದು, ಅದಕ್ಕಾಗಿ ನಡುವೆ ಎರಡು ಇಂಚು ಕಚ್ಚು ಕಡಿದು ಕೂರಿಸಿದ್ದರು. ನಾನು ತರಿಸಿದ್ದು ಉದ್ದ ಕಾಲಿನದು. ಅಂಗಡಿಯವರು ಕೇಳಿದಾಗ, ಉದ್ದ ಇದ್ದಷ್ಟು ಒಳ್ಳೆಯದು ಎಂದು ನಾನೇ ಹೂಂ ಎಂದಿದ್ದೆ. ಫ್ಯಾನಿನ ಮೇಲೆ ರೆಕ್ಕೆಯಂಥ ಒಂದು ಚಪ್ಪಟೆ ತಗಡು ಇರುತ್ತದೆ. ಅದು ದೋಣಿಯ ತಳಕ್ಕೆ ಸಮ ಇರಬೇಕು, ಇಲ್ಲವೇ ಒಂದು ಇಂಚು ಕೆಳಗೆ. ಅದಕ್ಕಿಂತ ಮೇಲಿದ್ದರೆ ಫ್ಯಾನು ಗಾಳಿ ಎಳೆದುಕೊಂಡು ಸುಮ್ಮನೆ ತಿರುಗುತ್ತದೆ, ದೋಣಿ ಹೋಗುವುದಿಲ್ಲ. ತೀರಾ ಕೆಳಗಿದ್ದರೆ ನೀರು ತಡೆಯುತ್ತದೆ, ಅಳಿವೆಯ ಮರಳಿಗೆ ಮೊದಲು ಬಡಿಯುವುದೂ ಅದೇ. ಹಾಗೇ ಕೂರಿಸಿದ್ದರೆ ನಮ್ಮದು ಕಚ್ಚಿನಲ್ಲಿ ಐದು ಇಂಚು ಕೆಳಗಿರುತ್ತಿತ್ತು.

"ಓದ್ದವ್ರ್ ತಂದ್ ಎಂಜಿನ್ ಅಲ್ದಾ ಹ್ವಾಯ್, ಕಾಲ್ ಉದ್ದವೇ ಇರತ್ತ್" ಎಂದು ಆಚಾರ್ರು ನಕ್ಕರು. ಅಪ್ಪಯ್ಯ ನಗಲಿಲ್ಲ. "ಹಲ್ಗಿ ಹ್ಯಾಂಗೂ ತೆಗೂಕಲಾ, ಮೂರ್ ಇಂಚ್ ಏರ್ಸಿ" ಎಂದರು. ನನ್ನ ತಪ್ಪನ್ನು ಅವರು ಮುಚ್ಚಿದ್ದು ಹಾಗೆ.

ಕೊಳೆತ ಹಲಗೆಯನ್ನು ಕಡಿದು ತೆಗೆಯಲು ಎರಡು ದಿನ ಬೇಕಾಯಿತು. ಹೆಬ್ಬಲಸಿನ ಹೊಸ ಹಲಗೆ ಹುಡುಕಿ ತಂದು, ಕಚ್ಚಿಲ್ಲದೆ ಇಪ್ಪತ್ತು ಇಂಚಿಗೆ ಏರಿಸಿ ಕೂರಿಸಿದರು. ಮೇಲೆ ಫೈಬರ್ ಹಚ್ಚಬೇಕಿತ್ತು. ಆದರೆ ಸೆಪ್ಟೆಂಬರ್ ಮಳೆ ಬಿಡಲಿಲ್ಲ. ಮರ ಹಸಿ ಇದ್ದರೆ, ಗಾಳಿಯಲ್ಲಿ ತೇವ ಇದ್ದರೆ ರೆಸಿನ್ ಸರಿಯಾಗಿ ಹಿಡಿಯುವುದಿಲ್ಲ. ತಾಡಪಾಲು ಕಟ್ಟಿ ಬಿಸಿಲಿಗೆ ಕಾದೆವು. ಬಿಸಿಲು ಸಿಕ್ಕ ಮೂರು ದಿನದಲ್ಲಿ ಮೂರು ಪದರ ಹಚ್ಚಿದರು. ಬೋಲ್ಟ್ ತೂತುಗಳ ಒಳಗೆಲ್ಲ ಸೀಲೆಂಟ್ ತುಂಬಿಸಿ, ಒಳಗಡೆಯಿಂದ ದಪ್ಪ ಸ್ಟೀಲ್ ಪಟ್ಟಿ ಕೊಟ್ಟು ಬಿಗಿದರು. ಎಂಜಿನ್ನಿನ ಬೆಲೆ ಬಿಟ್ಟು ದೋಣಿಗೇ 31,000 ಖರ್ಚಾಯಿತು. ದೋಣಿ ದಡದಲ್ಲಿ ಕೂತದ್ದು ಒಟ್ಟು 23 ದಿನ. ಆ ದಿನಗಳಲ್ಲಿ ಅಮ್ಮ ಗಂಗೊಳ್ಳಿಯ ಬಂದರಿನಿಂದ ಮೀನು ಕೊಂಡು ಮಾರಿದರು, ಚಿಕ್ಕಯ್ಯ ಬೇರೆಯವರ ದೋಣಿಗೆ ಹೋದರು.

ಅಪ್ಪಯ್ಯ ಕೆಲಸ ನಡೆಯುವಾಗ ಒಂದು ದಿನ ಕೇಳಿದರು: "ನಿನ್ ಪುಸ್ತಕದಂಗೆ ಹಲ್ಗಿ ಲೆಕ್ಕ ಇತ್ತಾ?" ಇರಲಿಲ್ಲ. ಎಂಜಿನ್ನಿನ ಬೆಲೆ, ಇಂಧನದ ಬೆಲೆ, ಸಹಾಯಧನ, ಬಡ್ಡಿ ಎಲ್ಲ ಇತ್ತು. ಹಳೆಯ ಎಂಜಿನ್ನಿಗೆ ಹೊಂದಿಕೊಂಡ ದೋಣಿ ಹೊಸ ಎಂಜಿನ್ನಿಗೆ ಹೊಂದಿಕೊಳ್ಳಲು ಏನು ಬೇಕು ಎನ್ನುವುದು ಇರಲಿಲ್ಲ.

ಆ ಬಿಡುವಿನಲ್ಲಿ ನಾನು ಮಾಡಿದ ಒಂದೇ ಉಪಯೋಗದ ಕೆಲಸವೆಂದರೆ ಎಂಜಿನ್ನಿನ ಇಂಗ್ಲಿಷ್ ಪುಸ್ತಕವನ್ನು ಕನ್ನಡದಲ್ಲಿ ಬರೆದದ್ದು. ಇನ್ನೂರು ಪುಟದ ನೋಟ್‌ಬುಕ್ಕಿನ ಮೊದಲ ಆರು ಪುಟಗಳಲ್ಲಿ ಬೇಕಾದ್ದನ್ನು ದೊಡ್ಡ ಅಕ್ಷರದಲ್ಲಿ ಬರೆದೆ. "ಶೀತಕ ಜಲದ ಹೊರಹರಿವನ್ನು ಪರೀಕ್ಷಿಸತಕ್ಕದ್ದು" ಎಂದು ಒಂದು ಸಾಲು. ಅಪ್ಪಯ್ಯ ಕನ್ನಡಕ ಏರಿಸಿ ಓದಿ, "ಇದೆಂತ?" ಎಂದರು. ಹೇಳಿದೆ. "ಹಾಂಗಾರೆ ಉಚ್ಚಿ ಕಾಣ್ಕ್ ಅಂದ್ ಬರಿ" ಎಂದರು. ಹಾಗೆಯೇ ಬರೆದೆ. ಮೊದಲ ಹತ್ತು ಗಂಟೆ ಪೂರ್ತಿ ರೇಸ್ ಕೊಡಬಾರದು. ಇಪ್ಪತ್ತು ಗಂಟೆಗೆ ಮೊದಲ ಆಯಿಲ್, ಆಮೇಲೆ ನೂರು ಗಂಟೆಗೊಮ್ಮೆ. ಪೆಟ್ರೋಲಿಗೆ ಆಯಿಲ್ ಬೆರೆಸಬಾರದು. ಪ್ರತಿ ಸಲ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆಯಬೇಕು. ರಬ್ಬರ್ ಫ್ಯಾನನ್ನು ವರ್ಷಕ್ಕೊಮ್ಮೆ ಬಿಚ್ಚಿ ನೋಡಬೇಕು. ಕೊನೆಯ ಸಾಲಿನ ಕೆಳಗೆ ಅಪ್ಪಯ್ಯ ತಾವೇ ಎರಡು ಗೀಟು ಎಳೆದರು.

ಆಯುಧಪೂಜೆಯ ದಿನ ಎಂಜಿನ್ನಿಗೆ ಪೂಜೆ. ಅಮ್ಮನೇ ಕುಂಕುಮ ಹಚ್ಚಿ ಸೇವಂತಿಗೆ ಮಾಲೆ ಹಾಕಿದರು. ಹಳೆಯದಕ್ಕೂ ಒಂದು ಹೂವು ಇಟ್ಟರು. ಅದನ್ನು ಗ್ರೀಸು ಬಳಿದು ಗೋಣಿಯಲ್ಲಿ ಸುತ್ತಿ ಕೊಟ್ಟಿಗೆಯ ಮೂಲೆಯಲ್ಲಿಟ್ಟಿದ್ದರು. ಗುಜರಿಯವನು ಎರಡು ಸಲ ಬಂದು ಹೋಗಿದ್ದ, ಅಪ್ಪಯ್ಯ ಕೊಟ್ಟಿರಲಿಲ್ಲ.

ಸಂಜೆ ಹೊಳೆಯಲ್ಲಿ ಮೊದಲ ಸುತ್ತು. ನಾನೂ ಹತ್ತಿದೆ. ಹೊಸದು ಹಳೆಯದಕ್ಕಿಂತ ಐದಾರು ಕೆಜಿ ಭಾರ, ದೋಣಿಯ ಹಿಂಬದಿ ಸ್ವಲ್ಪ ಕೆಳಗೆ ಕೂತಿತು. ಐಸ್ ಪೆಟ್ಟಿಗೆಯನ್ನು ಮುಂದಕ್ಕೆ ಸರಿಸಿದೆವು. ಅಪ್ಪಯ್ಯ ಒಂದೇ ಎಳೆತ ಎಳೆದರು. ಏನೂ ಆಗಲಿಲ್ಲ ಎಂದು ಹಗ್ಗವನ್ನು ಮತ್ತೆ ಎಳೆಯಲು ಕೈ ಹಾಕಿದರು. "ಅಪ್ಪಯ್ಯ, ಚಾಲೂ ಆಯ್ತ್" ಎಂದೆ. ಅವರು ಬಗ್ಗಿ ಉಚ್ಚೆ ನೋಡಿದರು. ನೀರು ಬರುತ್ತಿತ್ತು. ಕೈಯನ್ನು ಎಂಜಿನ್ನಿನ ತಲೆಯ ಮೇಲೆ ಇಟ್ಟರು, ಜ್ವರ ನೋಡುವ ಹಾಗೆ. "ಇದ್ ಮಾತೇ ಆಡುದಿಲ್ಲೆ ಮಗಾ" ಎಂದರು.

ಹಳೆಯದರ ಭಾಷೆ ಅವರಿಗೆ ಗೊತ್ತಿತ್ತು. ಪ್ಲಗ್ಗಿಗೆ ಮಸಿ ಹಿಡಿದರೆ ಒಂದು ಶಬ್ದ, ಎಣ್ಣೆಯಲ್ಲಿ ನೀರು ಸೇರಿದ್ದರೆ ಇನ್ನೊಂದು, ಫ್ಯಾನಿಗೆ ಬಲೆಯ ಎಳೆ ಸುತ್ತಿಕೊಂಡರೆ ಮತ್ತೊಂದು. ಮೂವತ್ತು ವರ್ಷ ಕಿವಿಯಿಂದ ಕಲಿತ ವಿದ್ಯೆ. ಹೊಸದರಲ್ಲಿ ಏನಿದ್ದರೂ ಕಣ್ಣಿನಿಂದ ನೋಡಬೇಕು, ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಅರವತ್ತೊಂದನೇ ವಯಸ್ಸಿಗೆ ಒಂದನೇ ಕ್ಲಾಸು. ನಾಲ್ಕನೇ ದಿನ ಬೆಳಗಿನ ಜಾವ ಅಳಿವೆ ದಾಟಿ ಹೊರಗೆ ಹೋಗುವಾಗಲೂ ನಾನಿದ್ದೆ. ಅಲೆ ಎದ್ದಾಗ ಅಪ್ಪಯ್ಯ ರೇಸ್ ಕೊಟ್ಟರು, ದೋಣಿ ಹಿಂಬದಿ ಊರಿ ಮೂತಿ ಎತ್ತಿ ಹತ್ತಿ ಇಳಿಯಿತು. ಏರಿಸಿದ ಹಲಗೆಯಿಂದ ಹಿಂದಿನ ನೀರು ಒಳಗೆ ಬರಲಿಲ್ಲ. ಚಿಕ್ಕಯ್ಯ ನನ್ನ ಬೆನ್ನಿಗೆ ಗುದ್ದಿ, "ಕಾಲ್ ಉದ್ದ ಇದ್ದದ್ದ್ ಲಾಯ್ಕೇ ಆಯ್ತ್ ಮಾಣಿ" ಎಂದರು. ನನಗೆ ವಾಂತಿ ಬರುವ ಹಾಗಿತ್ತು, ಆದರೂ ಅಷ್ಟು ಖುಷಿ ನನಗೆ ಯಾವ ಸೆಮಿನಾರಿನಲ್ಲೂ ಆಗಿಲ್ಲ.

ಮಧ್ಯಾಹ್ನ ದಡಕ್ಕೆ ಬಂದು, ದೋಣಿ ಎಳೆದು, ಬಲೆಯಿಂದ ಮೀನು ಬಿಡಿಸಿ ಮನೆಗೆ ಹೋದರೆ ಒಲೆಯ ಮೇಲೆ ಏನೂ ಇರಲಿಲ್ಲ. ಅಮ್ಮ ಹೊಸ್ತಿಲಲ್ಲಿ ಕೂತಿದ್ದರು. ನಮ್ಮನ್ನು ನೋಡಿ ಗಡಬಡಿಸಿ ಎದ್ದರು. "ಬಂದದ್ದೇ ಗೊತ್ತಾತಿಲ್ಲೆ" ಎಂದರು.

ಅವತ್ತು ರಾತ್ರಿ ಪಾತ್ರೆ ತೊಳೆಯುತ್ತಿದ್ದ ಅಮ್ಮನ ಹತ್ತಿರ ಹೋಗಿ ಕೂತೆ. ಏನೋ ಒಂದು ಮಾತು ತೆಗೆಯಬೇಕೆಂದು, ಹೊಸ ಎಂಜಿನ್ನಿಗೆ ದಿನಕ್ಕೆ ಎಂಟು ಹತ್ತು ಲೀಟರ್ ಉಳಿಯಬಹುದು ಎಂದೆ. ಅಮ್ಮ ತಲೆ ಎತ್ತಲಿಲ್ಲ.

"ದೇವ್ರಿಗ್ ಹೇಳ್ಕಂಡಿದ್ದೆ ಮಗಾ. ಇವ್ರ್ ಜೀವಕ್ಕೆ ಏನೂ ಆಯ್ದೆ ಎಂಜಿನ್ ಒಂದ್ ಹಾಳಾಯ್ಲಿ ಅಂದ್. ಅಂವ ಕೇಣ್ದ. ನೀ ಬಂದ್ ಹೊಸ್ತ್ ತೆಕ್ಕೊಟ್ಟೆ."

ನನ್ನಲ್ಲಿ ಉತ್ತರ ಇರಲಿಲ್ಲ. ಅಮ್ಮನೇ ಮುಂದುವರಿಸಿದರು. "ನೀ ದುಡ್ ಕೊಟ್ಟೆ. ಕಡ್ಲಿಗ್ ಹೋಪುದ್ ಅವ್ರ್. ಕಾಯೂದ್ ನಾನ್."

ಮೂರು ಸಣ್ಣ ವಾಕ್ಯ. ಬಸ್ಸಿನಲ್ಲಿ ನಾನು ಕಟ್ಟಿಕೊಂಡ ಚಿತ್ರ ಯಾಕೆ ನಡೆಯಲಿಲ್ಲ ಎಂದು ಆಗ ಅರ್ಥವಾಯಿತು. ಅಪ್ಪಯ್ಯನನ್ನು ದಡದಲ್ಲಿ ಕೂರಿಸಲು ಅಮ್ಮನಿಗೆ ಒಂದು ಅವಕಾಶ ಸಿಕ್ಕಿತ್ತು. ನಾನು ಅದನ್ನು ಒಂದೂವರೆ ಲಕ್ಷ ಕೊಟ್ಟು ಮುಚ್ಚಿದ್ದೆ. ಕಡಲಿಗೆ ಹೋಗದೆ ಓದಲು ಹೋದ ಮಗನಿಗೆ ಒಂದು ಋಣ ಇರುತ್ತದಲ್ಲ, ಅದನ್ನು ತೀರಿಸುವ ಆತುರದಲ್ಲಿ ಕೇಳಬೇಕಾದವರನ್ನೇ ಕೇಳಿರಲಿಲ್ಲ. ಹಾಗೆಂದು ಕೊಡದೇ ಇದ್ದಿದ್ದರೆ? ಅಪ್ಪಯ್ಯ ಹಳೆಯದಕ್ಕೇ ಪಿಸ್ಟನ್ ಹಾಕಿಸಿ, ಆ ಕೊಳೆತ ಹಲಗೆಗೇ ಕಟ್ಟಿ ಹೋಗುತ್ತಿದ್ದರು ಎಂದು ನನಗೆ ಅನಿಸುತ್ತದೆ. ಅಮ್ಮನಿಗೆ ಹಾಗೆ ಅನಿಸುವುದಿಲ್ಲ. ಇಬ್ಬರಲ್ಲಿ ಯಾರು ಸರಿ ಎಂದು ತೀರ್ಮಾನಿಸುವ ದಾರಿ ಈಗ ಇಲ್ಲ.

ಅಪ್ಪಯ್ಯ ಈ ಮಾತುಗಳನ್ನು ಕೇಳಿಸಿಕೊಂಡರೋ ಇಲ್ಲವೋ ಗೊತ್ತಿಲ್ಲ. ಮರುದಿನ ಹೊರಡುವ ಮೊದಲು ತಮ್ಮ ಸಣ್ಣ ಬಟನ್ ಫೋನನ್ನು ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಿ ಅಂಗಿಯ ಒಳಜೇಬಿಗೆ ಹಾಕಿಕೊಂಡರು. "ಅಳಿವಿ ದಾಂಟಿ ಒಂದ್ ಮಿಸ್ಡ್ ಕಾಲ್ ಕೊಡ್ತೆ" ಎಂದು ಯಾರಿಗೂ ಅಲ್ಲ ಎಂಬಂತೆ ಹೇಳಿ ಹೊರಟರು. ಅವತ್ತು ಹನ್ನೊಂದೂವರೆಗೆ ಅಡುಗೆಮನೆಯ ಕಪಾಟಿನ ಮೇಲಿದ್ದ ಫೋನು ಎರಡು ಸಲ ಹೊಡೆದು ನಿಂತಿತು. ಅಮ್ಮ ಮುಖ ಗಂಟು ಹಾಕಿಕೊಂಡೇ ಸಾರಿನ ಪಾತ್ರೆಯನ್ನು ಒಲೆಗೆ ಇಟ್ಟರು.

ನಾನು ಹಾಸ್ಟೆಲಿಗೆ ವಾಪಸು ಬಂದು ಅಧ್ಯಾಯಕ್ಕೆ ಎರಡು ಪುಟ ಸೇರಿಸಿದೆ. ಹಳೆಯ ದೋಣಿಗಳ ಹಿಂಬದಿಯ ಹಲಗೆ, ಎಂಜಿನ್ನಿನ ಕಾಲಿನ ಅಳತೆ, ದಡದಲ್ಲಿ ಕಳೆದ ದಿನಗಳ ಗಳಿಕೆ ಯಾವುದೂ ಸಹಾಯಧನದ ಲೆಕ್ಕದಲ್ಲಿ ಕಾಣುವುದಿಲ್ಲ ಎಂದು ಬರೆದೆ. ಮಾರ್ಗದರ್ಶಕರು ಪಕ್ಕದಲ್ಲಿ ಪೆನ್ಸಿಲಿನಿಂದ "ಒಂದು ದೋಣಿ ಸಾಲದು" ಎಂದು ಬರೆದು ಕೊಟ್ಟಿದ್ದಾರೆ. ಸರಿಯಾದ ಮಾತೇ. ಈ ಬೇಸಗೆಯಲ್ಲಿ ಕೋಡಿ, ಗಂಗೊಳ್ಳಿ, ಮರವಂತೆಯ ದೋಣಿಗಳ ಹಿಂಬದಿ ಬಡಿದು ನೋಡುತ್ತಾ ಹೋಗಬೇಕು. ಹೋದಲ್ಲೆಲ್ಲ ಮನೆಯ ಹೆಂಗಸರನ್ನೂ ಒಂದು ಪ್ರಶ್ನೆ ಕೇಳಬೇಕೆಂದಿದ್ದೇನೆ. ಅದು ಪ್ರಬಂಧದ ಯಾವ ಅಧ್ಯಾಯಕ್ಕೆ ಸೇರುತ್ತದೋ ಆಮೇಲೆ ನೋಡಿಕೊಳ್ಳಬಹುದು.

ನೋಟ್‌ಬುಕ್ಕಿನಲ್ಲಿ ಅಪ್ಪಯ್ಯ ಈಗ ಗಂಟೆ ಬರೆದಿಡುತ್ತಿದ್ದಾರೆ. ಮೊದಲ ಆಯಿಲ್ ಅವರೇ ಬದಲಾಯಿಸಿದರು. ಹಳೆಯ ಎಂಜಿನ್ ಇನ್ನೂ ಕೊಟ್ಟಿಗೆಯಲ್ಲೇ ಇದೆ.

ಡಿಸೆಂಬರಿನಿಂದ ಇನ್ನೊಂದು ಹೊಸ ರೂಢಿ ಶುರುವಾಗಿದೆ. ಅಪ್ಪಯ್ಯನ ಮಿಸ್ಡ್ ಕಾಲ್ ಬಂದ ಮೇಲೆ ಅಮ್ಮ ನನಗೊಂದು ಮಿಸ್ಡ್ ಕಾಲ್ ಕೊಡುತ್ತಾರೆ. ಎತ್ತಬಾರದು, ಅದು ಮಾತನಾಡುವುದಕ್ಕಲ್ಲ. ಕೆಲವು ದಿನ ಹತ್ತು ಗಂಟೆಗೆ ಬರುತ್ತದೆ, ಕೆಲವು ದಿನ ಒಂದೂವರೆಗೆ. ಒಂದೂವರೆಯ ದಿನಗಳಲ್ಲಿ ನಾನು ಗ್ರಂಥಾಲಯದಲ್ಲಿ ಓದುತ್ತಿರುವ ಪುಟ ಮುಂದಕ್ಕೆ ಹೋಗುವುದಿಲ್ಲ. ಫೋನನ್ನು ಮೇಜಿನ ಮೇಲೆ ಮಗುಚಿಟ್ಟು, ಅದು ನಡುಗುವುದನ್ನೇ ಕಾಯುತ್ತಾ ಕೂರುತ್ತೇನೆ.